ಆಂಡ್ರಾಯ್ಡಿನ ಸಿ ಲೈಬ್ರರಿ ಮತ್ತು ಹಳೆಯ ಪ್ರೋಗ್ರಾಮುಗಳ ಹಕ್ಕು

ನಿನ್ನೆಯವರೆಗೆ ಚೆನ್ನಾಗಿ ನಡೆಯುತ್ತಿದ್ದ ಆ್ಯಪೊಂದು ಫೋನಿನ ಸಿಸ್ಟಂ ಅಪ್‌ಡೇಟ್ ಆದ ಮರುಗಳಿಗೆಯಿಂದ ತೆರೆಯದೆ ಹೋದಾಗ, ಅಥವಾ ಹೊಸದಾಗಿ ಇಳಿಸಿಕೊಂಡ ಆ್ಯಪು ಹಳೆಯ ಫೋನಿನಲ್ಲಿ ಒಂದು ಕ್ಷಣ ಮುಖ ತೋರಿಸಿ ಮಾಯವಾದಾಗ, ನಾವು ಸಾಮಾನ್ಯವಾಗಿ ಫೋನನ್ನು ದೂರುತ್ತೇವೆ, ಇಲ್ಲವೆ ಆ್ಯಪು ಬರೆದವರನ್ನು ದೂರುತ್ತೇವೆ. ಆದರೆ ಈ ಎರಡರ ನಡುವೆ, ಬಳಸುವವರ ಕಣ್ಣಿಗೆ ಎಂದೂ ಬೀಳದ, ಬರೆಯುವವರೂ ಅಷ್ಟಾಗಿ ಲಕ್ಷ್ಯವಿಡದ ಒಂದು ಪದರವುಂಟು. ಅದಕ್ಕೆ ಸಿ ಲೈಬ್ರರಿಯೆಂದು ಹೆಸರು. ಆಂಡ್ರಾಯ್ಡ್ ಫೋನುಗಳಲ್ಲಿರುವ ಸಿ ಲೈಬ್ರರಿಯನ್ನು ಬಯಾನಿಕ್ ಎಂದು ಕರೆಯುತ್ತಾರೆ. ಅದು ಹೇಗೆ ಹುಟ್ಟಿತು, ಹುಟ್ಟುವಾಗ ಏನೇನನ್ನು ಬಿಟ್ಟು ಬಂದಿತು, ಬೆಳೆಯುತ್ತ ಬೆಳೆಯುತ್ತ ಹಳೆಯ ಪ್ರೋಗ್ರಾಮುಗಳಿಗೆ ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿತು ಎಂಬುದು ತಂತ್ರಜ್ಞರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ನಾನು ಭಾವಿಸುವುದಿಲ್ಲ. ಫೋನಿನಲ್ಲಿ ಹಣ ಕಳುಹಿಸುವವರು, ಪಹಣಿ ನೋಡುವವರು, ಕನ್ನಡ ಓದುವವರು ಎಲ್ಲರೂ ಅದನ್ನು ಆಶ್ರಯಿಸಿಯೇ ಇದ್ದಾರೆ.

ಸಿ ಭಾಷೆಯನ್ನು ಡೆನಿಸ್ ರಿಚಿಯವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1972ರ ಸುಮಾರಿಗೆ, ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಬರೆಯುವ ನಿಮಿತ್ತವಾಗಿ ರೂಪಿಸಿದರು. ಆ ಭಾಷೆಯ ವೈಶಿಷ್ಟ್ಯವೆಂದರೆ ಅದರ ಮಿತವ್ಯಯ. ಕೂಡುವುದು, ಕಳೆಯುವುದು, ಹೋಲಿಸುವುದು, ಒಂದು ಕೆಲಸವನ್ನು ಪುನಃ ಪುನಃ ಮಾಡಿಸುವುದು, ಇವಿಷ್ಟೇ ಭಾಷೆಯ ಸ್ವಂತ ಶಕ್ತಿ; ಪರದೆಯ ಮೇಲೆ ಒಂದಕ್ಷರ ಮೂಡಬೇಕಾದರೂ, ಒಂದು ಕಡತ ತೆರೆಯಬೇಕಾದರೂ, ಲೆಕ್ಕಕ್ಕೆ ಬೇಕಾದ ನೆನಪಿನ ಸ್ಥಳವನ್ನು ಯಂತ್ರದಿಂದ ಕೇಳಿ ಪಡೆಯಬೇಕಾದರೂ, ಅದು ಲೈಬ್ರರಿಯ ನೆರವನ್ನು ಬೇಡುತ್ತದೆ. ಅಕ್ಷರ ಮೂಡಿಸಲು ಪ್ರಿಂಟ್‌ಎಫ್, ಸ್ಥಳ ಪಡೆಯಲು ಮ್ಯಾಲಾಕ್, ಹೀಗೆ ನೂರಾರು ಫಂಕ್ಷನ್‌ಗಳ ಸಮುಚ್ಚಯವೇ ಸಿ ಲೈಬ್ರರಿ. ಅವುಗಳ ಹೆಸರೇನು, ಅವು ಏನನ್ನು ಸ್ವೀಕರಿಸಿ ಏನನ್ನು ಹಿಂತಿರುಗಿಸತಕ್ಕದ್ದು ಎಂಬುದನ್ನು 1989ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ 1990ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಲಿಖಿತವಾಗಿ ನಿಶ್ಚಯಿಸಿದವು. ಯುನಿಕ್ಸ್ ಸಂತತಿಯ ವ್ಯವಸ್ಥೆಗಳಿಗಾಗಿ 1988ರಲ್ಲಿಯೇ ಪೊಸಿಕ್ಸ್ ಎಂಬ ಇನ್ನೊಂದು, ಹೆಚ್ಚು ವಿಸ್ತಾರವಾದ ನಿಬಂಧನೆ ಬಂದಿತ್ತು. ಆದ್ದರಿಂದ ಸಿ ಲೈಬ್ರರಿಯೆಂಬುದು ಕೇವಲ ಉಪಕರಣಗಳ ಸಂಗ್ರಹವಲ್ಲ, ಅದೊಂದು ಕರಾರು. ಜಾವಾ ಅಥವಾ ಕಾಟ್ಲಿನ್ ಭಾಷೆಯಲ್ಲಿ ಬರೆದ ಆ್ಯಪಿಗೆ ಇದರ ಗೊಡವೆ ಇಲ್ಲವೆಂದು ತೋರಬಹುದು. ಆದರೆ ಆ ಆ್ಯಪುಗಳನ್ನು ನಡೆಸುವ ಯಂತ್ರಾಂಗವೂ ಸಿ++ನಲ್ಲಿ ಬರೆದದ್ದೇ ಆಗಿ, ಕೊನೆಗೆ ಇದೇ ಲೈಬ್ರರಿಯನ್ನು ಅವಲಂಬಿಸಿದೆ.

ಲಿನಕ್ಸ್ ಕಂಪ್ಯೂಟರುಗಳಿಗೆ ಗ್ನೂ ಯೋಜನೆಯವರು ಬರೆದ ಜಿಲಿಬ್‌ಸಿ ಎಂಬ ಪ್ರೌಢವಾದ ಸಿ ಲೈಬ್ರರಿ ಆಂಡ್ರಾಯ್ಡ್ ರೂಪುಗೊಳ್ಳುವ ವೇಳೆಗಾಗಲೇ ಇದ್ದಿತು. ಆಂಡ್ರಾಯ್ಡಿನ ಒಡಲಲ್ಲಿಯೂ, ಯಂತ್ರವನ್ನು ನೇರವಾಗಿ ಆಳುವ ತಿರುಳಾದ ಲಿನಕ್ಸ್ ಕರ್ನೆಲ್ಲೇ ಇರುವಾಗ ಆ ಲೈಬ್ರರಿಯನ್ನು ಬಿಟ್ಟು ಗೂಗಲಿನವರು ಬೇರೊಂದನ್ನು ಏತಕ್ಕೆ ಕಟ್ಟಿದರು? ಕಾರಣಗಳು ಮೂರು. ಜಿಲಿಬ್‌ಸಿಯ ಲೈಸೆನ್ಸು ಮುಕ್ತ ತಂತ್ರಾಂಶದ ಕಟ್ಟಳೆಗಳನ್ನು ಒಳಗೊಂಡಿದ್ದು, ಫೋನು ತಯಾರಿಸುವ ಕಂಪನಿಗಳು ಅದಕ್ಕೆ ಹಿಂಜರಿಯಬಹುದೆಂಬ ಶಂಕೆ ಇದ್ದಿತು; ಬಿಎಸ್‌ಡಿ ಯುನಿಕ್ಸ್ ಪರಂಪರೆಯ ಲೈಸೆನ್ಸಿನಲ್ಲಿ ಆ ತೊಡಕಿರಲಿಲ್ಲ. ಎರಡನೆಯದು ಗಾತ್ರ. ಮೂರನೆಯದು ವೇಗ. 2008ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಮೊತ್ತಮೊದಲ ಆಂಡ್ರಾಯ್ಡ್ ಫೋನಿನ ಪ್ರೊಸೆಸರ್ 528 ಮೆಗಾಹರ್ಟ್ಸಿನದು, ಅದರ ರ್‍ಯಾಮ್ 192 ಎಂಬಿ ಮಾತ್ರ. ಪ್ರತಿಯೊಂದು ಪ್ರೋಗ್ರಾಮಿನೊಡನೆಯೂ ನೆನಪಿಗೆ ಬಂದು ಕೂರುವ ಲೈಬ್ರರಿ ಅಂತಹ ಯಂತ್ರದಲ್ಲಿ ಸ್ಥೂಲವಾಗಿರಲು ಸಾಧ್ಯವಿರಲಿಲ್ಲ. ಹೀಗಾಗಿ ಬಿಎಸ್‌ಡಿ ವ್ಯವಸ್ಥೆಗಳ ಲೈಬ್ರರಿಗಳಿಂದ ಭಾಗಗಳನ್ನು ಆಯ್ದು, ಲಿನಕ್ಸ್ ಕರ್ನೆಲ್ಲಿಗೆ ಹೊಂದಿಸಿ, ಬೇಕಾದಲ್ಲಿ ಹೊಸದಾಗಿ ಬರೆದು ಬಯಾನಿಕ್ಕನ್ನು ಸಿದ್ಧಪಡಿಸಿದರು.

ಚಿಕ್ಕದಾಗಿರಬೇಕೆಂಬ ಈ ಹಟದಲ್ಲಿ ಬಿಟ್ಟುಹೋದದ್ದು ಬಹಳ. ಅವುಗಳಲ್ಲಿ ಕೆಲವನ್ನು ವಿಚಾರಪೂರ್ವಕವಾಗಿಯೇ ಬಿಟ್ಟರು. ಪ್ರೋಗ್ರಾಮುಗಳು ತಮ್ಮತಮ್ಮಲ್ಲಿ ನೆನಪಿನ ತುಣುಕನ್ನು ಹಂಚಿಕೊಳ್ಳಲು ಹಳೆಯ ಯುನಿಕ್ಸಿನಲ್ಲಿದ್ದ ಸಿಸ್ಟಂ ಫೈವ್ ಪದ್ಧತಿಯನ್ನು ಆಂಡ್ರಾಯ್ಡ್ ಸ್ವೀಕರಿಸಲಿಲ್ಲ. ಏಕೆಂದರೆ ಆ ಪದ್ಧತಿಯಲ್ಲಿ ಪಡೆದ ತುಣುಕು, ಪಡೆದ ಪ್ರೋಗ್ರಾಮು ಸತ್ತ ಮೇಲೂ ತಾನಾಗಿ ಬಿಡುಗಡೆಯಾಗುವುದಿಲ್ಲ, ಮತ್ತು ಆಂಡ್ರಾಯ್ಡಿನಲ್ಲಾದರೋ ಸ್ಥಳ ಸಾಲದಾದಾಗ ಹಿನ್ನೆಲೆಯ ಆ್ಯಪುಗಳನ್ನು ವ್ಯವಸ್ಥೆಯೇ ಮುಲಾಜಿಲ್ಲದೆ ಕೊನೆಗೊಳಿಸುವುದು ನಿತ್ಯದ ಮಾತು. ಒಂದೇ ಪ್ರೋಗ್ರಾಮಿನೊಳಗೆ ಸಮಾನಾಂತರವಾಗಿ ನಡೆಯುವ ಎಳೆಗಳಲ್ಲಿ (ಥ್ರೆಡ್) ಒಂದರ ಕೆಲಸವನ್ನು ಇನ್ನೊಂದು ನಡುವೆಯೇ ರದ್ದುಗೊಳಿಸುವ ಪಿಥ್ರೆಡ್ ಕ್ಯಾನ್ಸಲ್ ಎಂಬ ಫಂಕ್ಷನ್ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬಳಕೆದಾರರ ಹೆಸರುಗಳನ್ನು ಬರೆದಿಡುವ, ಯುನಿಕ್ಸಿನ ಪ್ರಸಿದ್ಧವಾದ ಪಾಸ್‌ವರ್ಡ್ ಕಡತವೂ ಇಲ್ಲಿಲ್ಲ. ಆಂಡ್ರಾಯ್ಡಿನಲ್ಲಿ ಪ್ರತಿಯೊಂದು ಆ್ಯಪೂ ಪ್ರತ್ಯೇಕ ಬಳಕೆದಾರನೆಂದು ಗಣಿಸಲ್ಪಟ್ಟು, 10000ದಿಂದ ಮೇಲಿನ ಒಂದು ಸಂಖ್ಯೆಯನ್ನು ಪಡೆಯುವುದು. 10055 ಎಂಬ ಸಂಖ್ಯೆಯ ಬಳಕೆದಾರ ಯಾರೆಂದು ಒಂದು ಪ್ರೋಗ್ರಾಮು ಕೇಳಿದರೆ ಬಯಾನಿಕ್ ಯಾವ ಕಡತವನ್ನೂ ತೆರೆಯದೆ, ಸಂಖ್ಯೆಯಿಂದಲೇ ಲೆಕ್ಕಹಾಕಿ, ಯು ಸೊನ್ನೆ ಅಂಡರ್‌ಸ್ಕೋರ್ ಎ 55 ಎಂಬ ಹೆಸರನ್ನು ರಚಿಸಿ ಉತ್ತರಕೊಡುತ್ತದೆ. ಪ್ರಶ್ನೆ ಹಳೆಯ ಯುನಿಕ್ಸಿನದು, ಉತ್ತರದ ಸಾಧನ ಹೊಸತು. ಹಳೆಯ ಪ್ರೋಗ್ರಾಮಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೊಂದಾಣಿಕೆಯ ಕೌಶಲ ಇದಕ್ಕಿಂತ ಸೊಗಸಾಗಿ ಕಾಣುವ ಸ್ಥಳ ಬಯಾನಿಕ್ಕಿನಲ್ಲಿ ಇನ್ನೊಂದಿಲ್ಲವೆಂದು ನನ್ನ ಎಣಿಕೆ.

ಆದರೆ ಬಿಟ್ಟದ್ದೆಲ್ಲವೂ ಇಂತಹ ವಿವೇಚನೆಯಿಂದಲೇ ಬಿಟ್ಟದ್ದೆಂದು ಹೇಳಲಾಗದು. ನಮ್ಮ ಭಾಷೆಗೆ ನೇರವಾಗಿ ತಟ್ಟುವ ಲೋಪವೊಂದಿದೆ. ಕಂಪ್ಯೂಟರಿನಲ್ಲಿ ‘ಕ’ ಎಂಬ ಅಕ್ಷರ ಯೂನಿಕೋಡಿನ ಪ್ರಕಾರ ಒಂದು ಸಂಕೇತವಾದರೂ, ಇಂದು ಸರ್ವತ್ರ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಅದು ಮೂರು ಬೈಟುಗಳಾಗಿ ಶೇಖರವಾಗುತ್ತದೆ; ‘ಕ್ಷ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ ಒಳಗೆ ಕಕಾರ, ಹಲಂತ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳೂ ಒಂಬತ್ತು ಬೈಟುಗಳೂ ಆಗಿವೆ. ಇಂಗ್ಲಿಷಿನಲ್ಲಾದರೆ ಒಂದಕ್ಷರಕ್ಕೆ ಒಂದೇ ಬೈಟು. ಬಹುಬೈಟುಗಳ ಅಕ್ಷರಗಳನ್ನು ಸರಿಯಾಗಿ ಬಿಡಿಸಿ ಓದುವುದಕ್ಕೆಂದು ಸಿ ಮಾನಕದಲ್ಲಿಯೇ ಫಂಕ್ಷನ್‌ಗಳ ಒಂದು ಕುಟುಂಬವನ್ನು ವಿಧಿಸಿದ್ದಾರೆ. ಆರಂಭದ ಬಯಾನಿಕ್ಕಿನಲ್ಲಿ ಅವು ಹೆಸರಿಗೆ ಮಾತ್ರ ಇದ್ದು, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದೇ ಭಾವಿಸುತ್ತಿದ್ದವು. 2014ರಲ್ಲಿ ಬಂದ ಆಂಡ್ರಾಯ್ಡ್ 5.0ರ ತರುವಾಯವೇ ಯುಟಿಎಫ್-8ನ್ನು ಅರಿಯುವ ಸಾಮರ್ಥ್ಯ ಅವಕ್ಕೆ ಬಂದದ್ದು. ಜಾವಾದಲ್ಲಿ ಬರೆಯುವವರಿಗೆ ಆ ಭಾಷೆಯ ಸ್ವಂತ ಅಕ್ಷರವ್ಯವಸ್ಥೆ ಇದ್ದುದರಿಂದ ಈ ಕೊರತೆ ಅಷ್ಟಾಗಿ ಬಾಧಿಸಲಿಲ್ಲ. ಸಿ ಭಾಷೆಯಲ್ಲಿದ್ದ ಹಳೆಯ ಪ್ರೋಗ್ರಾಮುಗಳನ್ನು ಆಂಡ್ರಾಯ್ಡಿಗೆ ತರಹೊರಟವರು ಮಾತ್ರ ಇಲ್ಲಿ ಎಡವಿದರು. ಇಂದಿಗೂ ಬಯಾನಿಕ್ ಮೂಲಕ ತಿಂಗಳ ಹೆಸರನ್ನು ಕೇಳಿದರೆ ಅದು ಇಂಗ್ಲಿಷಿನಲ್ಲಿಯೇ ಹೇಳುತ್ತದೆ. ‘ಜನವರಿ’ ಎಂದು ಕನ್ನಡದಲ್ಲಿ ಪಡೆಯಬೇಕಾದರೆ ಐಸಿಯು ಎಂಬ ಬೇರೆ ಲೈಬ್ರರಿಯನ್ನು ಆಶ್ರಯಿಸಬೇಕು, ಅದಾದರೂ ಸಿ ಭಾಷೆಯವರಿಗೆ ಅಧಿಕೃತವಾಗಿ ದೊರೆತದ್ದು ಆಂಡ್ರಾಯ್ಡ್ 12ರಿಂದೀಚೆಗೆ. ಜಗತ್ತಿನ ಎಲ್ಲ ಭಾಷೆಗಳವರ ಕೈಗೂ ಸೇರಲಿದ್ದ ಒಂದು ವ್ಯವಸ್ಥೆ ಭಾಷೆಗಳ ವಿಷಯವನ್ನು ಆರು ವರ್ಷಗಳ ಕಾಲ ಹಿಂದಕ್ಕೆ ತಳ್ಳಿದ್ದು ದೊಡ್ಡ ಲೋಪವೆಂದೇ ನಾನು ತಿಳಿಯುತ್ತೇನೆ.

ಅದೇ 5.0ರ ಸಂದರ್ಭದಲ್ಲಿ ನಡೆದ ಮತ್ತೊಂದು ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊಂದಾಣಿಕೆಯೆಂಬುದು ಎಷ್ಟು ಸೂಕ್ಷ್ಮವಾದ ವಸ್ತುವೆಂಬುದಕ್ಕೆ ಅದು ನಿದರ್ಶನ. ಯಾದೃಚ್ಛಿಕ ಸಂಖ್ಯೆಯೊಂದನ್ನು ಕೊಡುವ ರ್‍ಯಾಂಡ್ ಎಂಬ ಫಂಕ್ಷನ್ ಸಿ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಹಳೆಯ ಬಯಾನಿಕ್ಕಿನಲ್ಲಿ ಈ ಫಂಕ್ಷನ್ ಲೈಬ್ರರಿಯೊಳಗೆ ಇರಲೇ ಇಲ್ಲ. ಪ್ರೋಗ್ರಾಮು ಕಂಪೈಲ್ ಆಗುವಾಗ ಓದಿಕೊಳ್ಳುವ ಹೆಡರ್ ಕಡತದಲ್ಲಿ, ರ್‍ಯಾಂಡ್ ಎಂದು ಕಂಡಲ್ಲೆಲ್ಲ ಎಲ್‌ರ್‍ಯಾಂಡ್48 ಎಂಬ ಬೇರೊಂದು ಫಂಕ್ಷನ್ನನ್ನು ಕರೆಯತಕ್ಕದ್ದೆಂದು ಒಂದು ಸಾಲು ಬರೆದಿತ್ತು. ಆ ಸಾಲು ಪ್ರತಿಯೊಂದು ಪ್ರೋಗ್ರಾಮಿನೊಳಕ್ಕೂ ನಕಲಾಗಿ ಸೇರಿಹೋಗುತ್ತಿತ್ತು. ಪಠ್ಯವನ್ನು ದಶಮಾಂಶ ಸಂಖ್ಯೆಯಾಗಿ ಮಾರ್ಪಡಿಸುವ ಎಟುಎಫ್ ಎಂಬುದರ ಸ್ಥಿತಿಯೂ ಇದೇ. 5.0ರಲ್ಲಿ ಇದನ್ನು ತಿದ್ದಿ, ಮಾನಕವು ಹೇಳುವಂತೆ ಇವೆಲ್ಲವನ್ನೂ ಲೈಬ್ರರಿಯೊಳಗಿನ ನಿಜವಾದ ಫಂಕ್ಷನ್‌ಗಳಾಗಿ ಮಾಡಿದರು. ಮಾಡಿದ್ದು ಸರಿಯೇ. ಆದರೆ ಹೊಸ ಹೆಡರ್ ಕಡತಗಳನ್ನಿಟ್ಟುಕೊಂಡು ಕಂಪೈಲ್ ಮಾಡಿದ ಪ್ರೋಗ್ರಾಮು ಹಳೆಯ ಫೋನಿಗೆ ಹೋದಾಗ, ಅಲ್ಲಿಯ ಲೈಬ್ರರಿಯಲ್ಲಿ ರ್‍ಯಾಂಡ್ ಎಂಬುದನ್ನು ಹುಡುಕಿ, ಕಾಣದೆ, ಆ ಹೆಸರಿನ ಸಂಕೇತ ಸಿಗಲಿಲ್ಲವೆಂಬ ಒಂದು ಸಾಲನ್ನು ಲಾಗಿನಲ್ಲಿ ಬರೆದು ನಿಂತುಬಿಡುತ್ತಿತ್ತು. ಒಂದಕ್ಷರವನ್ನೂ ಬದಲಿಸದ ಪ್ರೋಗ್ರಾಮು, ಕಂಪೈಲ್ ಮಾಡಿದ ಬಗೆ ಬೇರೆಯಾಯಿತೆಂಬ ಒಂದೇ ಕಾರಣದಿಂದ, ಹಳೆಯ ಫೋನಿನವರಿಗೆ ಇಲ್ಲವಾಯಿತು.

ಇದರಿಂದ ಆಂಡ್ರಾಯ್ಡಿನಲ್ಲಿ ದೃಢವಾದ ನಿಯಮವೆಂದರೆ, ಹಳೆಯ ಫೋನಿಗಾಗಿ ಕಟ್ಟಿದ್ದು ಹೊಸದರಲ್ಲಿ ನಡೆಯತಕ್ಕದ್ದು, ಹೊಸದಕ್ಕಾಗಿ ಕಟ್ಟಿದ್ದು ಹಳೆಯದರಲ್ಲಿ ನಡೆದೀತೆಂಬ ಭರವಸೆಯಿಲ್ಲ. ಆ್ಯಪು ಬರೆಯುವವರು ತಾವು ತಲಪಬೇಕೆಂದಿರುವ ಅತ್ಯಂತ ಹಳೆಯ ಆವೃತ್ತಿಯನ್ನು ಮೊದಲೇ ಘೋಷಿಸಬೇಕು. ಯಾವ ಫಂಕ್ಷನ್ ಯಾವ ಆವೃತ್ತಿಯಿಂದ ಲಭ್ಯವೆಂಬುದನ್ನು ಹೆಡರ್ ಕಡತಗಳಲ್ಲಿಯೇ ಗುರುತು ಹಾಕಿರುತ್ತಾರೆ. ಒಂದು ಲಿಪಿಸಂಕೇತದಿಂದ ಇನ್ನೊಂದಕ್ಕೆ ಪಠ್ಯವನ್ನು ಪರಿವರ್ತಿಸುವ ಐಕಾನ್ವ್, ಹೊಸ ಪ್ರೋಗ್ರಾಮನ್ನು ಹುಟ್ಟಿಸುವ ಪೊಸಿಕ್ಸ್ ಸ್ಪಾನ್, ಹೆಸರಿನ ಮಾದರಿಯಿಂದ ಕಡತಗಳನ್ನು ಹುಡುಕುವ ಗ್ಲಾಬ್, ಈ ಮೂರೂ ಯುನಿಕ್ಸ್ ಬಳಸುವವರಿಗೆ ದಶಕಗಳಿಂದ ಪರಿಚಿತವಾಗಿದ್ದರೂ ಬಯಾನಿಕ್ಕಿಗೆ ಬಂದದ್ದು 2018ರ ಆಂಡ್ರಾಯ್ಡ್ 9ರಲ್ಲಿ. ಸಿ ಭಾಷೆಯ 2011ರ ಮಾನಕ ವಿಧಿಸಿದ ಎಳೆಗಳ ಫಂಕ್ಷನ್‌ಗಳು ಬಂದದ್ದು ಆಂಡ್ರಾಯ್ಡ್ 11ರಲ್ಲಿ. ಕರಾರಿನ ಕಲಮುಗಳನ್ನು ಹೀಗೆ ಒಂದೊಂದಾಗಿ, ತಡವಾಗಿಯಾದರೂ, ತುಂಬಿಕೊಡುತ್ತ ಬಂದಿದ್ದಾರೆ.

ಫಂಕ್ಷನ್‌ಗಳನ್ನು ಸೇರಿಸುವುದು ಸುಲಭ. ಒಮ್ಮೆ ನಿಶ್ಚಯಿಸಿದ ಅಳತೆಗಳನ್ನು ಬದಲಿಸುವುದೇ ಕಷ್ಟ. ಸಂತೆಯಲ್ಲಿ ಸೇರು ಪಾವುಗಳ ಲೆಕ್ಕದಲ್ಲಿ ಸಾಲದ ಪತ್ರ ಬರೆದುಕೊಟ್ಟ ಮೇಲೆ ಸೇರಿನ ಗಾತ್ರವನ್ನು ಹಿಗ್ಗಿಸಿದರೆ ಕೊಟ್ಟವನಿಗೂ ಕೊಂಡವನಿಗೂ ಲೆಕ್ಕ ತಪ್ಪುವುದಷ್ಟೆ. ಪ್ರೋಗ್ರಾಮು ಮತ್ತು ಲೈಬ್ರರಿಗಳ ಸಂಬಂಧವೂ ಹಾಗೆಯೇ. ಕಡತದೊಳಗಿನ ಸ್ಥಾನವನ್ನು ಸೂಚಿಸುವ ಸಂಖ್ಯೆಗೆ 32 ಬಿಟ್ಟಿನ ಆಂಡ್ರಾಯ್ಡಿನಲ್ಲಿ 32 ಬಿಟ್ಟುಗಳನ್ನೇ ಕೊಟ್ಟಿದ್ದರು. ಅದರಿಂದ ಎಣಿಸಬಹುದಾದ ಗರಿಷ್ಠ ಸ್ಥಾನ 2,147,483,647, ಅಂದರೆ ಎರಡು ಜಿಬಿಯ ಗಡಿ. ಹದಿನಾರು ನಿಮಿಷದ ವಿಡಿಯೊ ಸಹ ಆ ಗಡಿಯನ್ನು ದಾಟಬಲ್ಲ ಈ ಕಾಲದಲ್ಲಿ ಅದು ಸಾಲದೆಂಬುದು ಸ್ಪಷ್ಟ. ಆದರೂ ಅದನ್ನು ಹಿಗ್ಗಿಸುವಂತಿಲ್ಲ. ಆ ಅಳತೆಯನ್ನು ನಂಬಿ ಕಟ್ಟಿದ ಅಸಂಖ್ಯ ಪ್ರೋಗ್ರಾಮುಗಳು ಆಗಲೇ ಜನರ ಕೈಯಲ್ಲಿವೆ. ಹೀಗಾಗಿ ದೊಡ್ಡ ಕಡತಗಳಿಗೆ ಬೇರೆ ಹೆಸರಿನ ಫಂಕ್ಷನ್‌ಗಳನ್ನು ಪಕ್ಕದಲ್ಲಿ ಇಟ್ಟರು, ಹಳೆಯವನ್ನು ಮುಟ್ಟಲಿಲ್ಲ. ಇಂತಹ 32 ಬಿಟ್ಟಿನ ದೋಷಗಳನ್ನು ಮುಚ್ಚಿಡದೆ, ತಿದ್ದಲಾಗದವೆಂದೇ ಒಪ್ಪಿ, ಒಂದು ದಾಖಲೆಯಲ್ಲಿ ಪಟ್ಟಿಮಾಡಿ ಪ್ರಕಟಿಸಿರುವುದು ಬಯಾನಿಕ್ ನಿರ್ವಾಹಕರ ಪ್ರಾಮಾಣಿಕತೆಗೆ ಸಾಕ್ಷಿ. 2014ರಲ್ಲಿ 64 ಬಿಟ್ಟಿನ ಆಂಡ್ರಾಯ್ಡ್ ಬಂದಾಗ, ಹಿಂದಿನ ಸಾಲದ ಪತ್ರಗಳಿಲ್ಲದ ಅವಕಾಶ ದೊರೆತು, ಅಳತೆಗಳನ್ನೆಲ್ಲ ಹೊಸದಾಗಿ, ಸರಿಯಾಗಿ ನಿಶ್ಚಯಿಸಿದರು.

ಬರೆದ ಕರಾರಿನ ಮಾತು ಇದಾಯಿತು. ಬರೆಯದ ರೂಢಿಗಳ ಮಾತು ಇದಕ್ಕಿಂತ ಜಟಿಲ. ಮೆಮ್‌ಕಾಪಿ ಎಂಬ ಫಂಕ್ಷನ್, ನೆನಪಿನ ಒಂದು ಭಾಗವನ್ನು ಇನ್ನೊಂದು ಕಡೆಗೆ ನಕಲಿಸುವಾಗ, ಎರಡು ಭಾಗಗಳೂ ಒಂದರ ಮೇಲೊಂದು ಬೀಳಕೂಡದೆಂದು ಮಾನಕ ಸ್ಪಷ್ಟವಾಗಿ ಹೇಳುತ್ತದೆ. 2010ರಲ್ಲಿ ಡೆಸ್ಕ್‌ಟಾಪ್ ಲಿನಕ್ಸಿನ ಜಿಲಿಬ್‌ಸಿಯವರು ವೇಗಕ್ಕಾಗಿ ನಕಲಿಸುವ ದಿಕ್ಕನ್ನು ಬದಲಿಸಿದಾಗ, ಆ ನಿಯಮವನ್ನು ಪಾಲಿಸದಿದ್ದ ಫ್ಲ್ಯಾಶ್ ಪ್ಲೇಯರಿನ ಧ್ವನಿ ಕೆಟ್ಟು ಕರ್ಕಶವಾಯಿತು. ಕಾನೂನಿನ ಪ್ರಕಾರ ತಪ್ಪು ಫ್ಲ್ಯಾಶಿನದೇ. ಆದರೆ ಕೇಳುವವರ ಕಿವಿಗೆ ಕೆಟ್ಟದ್ದು ಲಿನಕ್ಸ್. ಕೊನೆಗೆ ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ನಡವಳಿಕೆಯನ್ನೂ ಹೊಸವಕ್ಕೆ ಹೊಸದನ್ನೂ ಕೊಡುವ ವ್ಯವಸ್ಥೆಯನ್ನು ಜಿಲಿಬ್‌ಸಿಯವರು ಮಾಡಬೇಕಾಯಿತು.

ಆಂಡ್ರಾಯ್ಡ್ ಇದೇ ತತ್ತ್ವವನ್ನು ಇನ್ನೊಂದು ರೀತಿಯಲ್ಲಿ ಅಳವಡಿಸಿಕೊಂಡಿದೆ. ಪ್ರತಿಯೊಂದು ಆ್ಯಪೂ ತಾನು ಯಾವ ಆವೃತ್ತಿಯ ನಿಯಮಗಳನ್ನು ಅರಿತು ಬರೆದದ್ದೆಂಬುದನ್ನು ಟಾರ್ಗೆಟ್ ಎಂಬ ಸಂಖ್ಯೆಯಿಂದ ಘೋಷಿಸಬೇಕು. ವ್ಯವಸ್ಥೆ ಆ ಸಂಖ್ಯೆಯನ್ನು ನೋಡಿ, ಹಳೆಯ ಆ್ಯಪಿಗೆ ಹಳೆಯ ಸಡಿಲಿಕೆಯನ್ನು ಮುಂದುವರಿಸಿ, ಹೊಸ ಆ್ಯಪಿಗೆ ಹೊಸ ಕಟ್ಟುನಿಟ್ಟನ್ನು ಅನ್ವಯಿಸುತ್ತದೆ. ಆಂಡ್ರಾಯ್ಡ್ 7ರಲ್ಲಿ, ಸಾರ್ವಜನಿಕವಾಗಿ ಘೋಷಿಸದ ಒಳ ಲೈಬ್ರರಿಗಳನ್ನು ಆ್ಯಪುಗಳು ನೇರವಾಗಿ ಬಳಸಕೂಡದೆಂಬ ನಿಷೇಧ ಬಂದಾಗ, ಬಹಳವಾಗಿ ಬಳಕೆಯಲ್ಲಿದ್ದ ಕೆಲವು ಲೈಬ್ರರಿಗಳ ಮಟ್ಟಿಗೆ ಹಳೆಯ ಆ್ಯಪುಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟು ಎಚ್ಚರಿಕೆಯನ್ನಷ್ಟೇ ತೋರಿಸಿದರು. ಒಂದೇ ದತ್ತಾಂಶವನ್ನು ಎರಡು ಎಳೆಗಳು ಏಕಕಾಲಕ್ಕೆ ಮುಟ್ಟದಂತೆ ಹಾಕುವ ಬೀಗವನ್ನು, ನಾಶಗೊಳಿಸಿದ ಮೇಲೆ ಪುನಃ ಹಾಕಲು ಯತ್ನಿಸುವ ಪ್ರೋಗ್ರಾಮನ್ನು ತಟ್ಟನೆ ನಿಲ್ಲಿಸುವ ನಿಯಮ, ಆಂಡ್ರಾಯ್ಡ್ 9ನ್ನು ಗುರಿಯಾಗಿಟ್ಟುಕೊಂಡ ಆ್ಯಪುಗಳಿಂದ ಮಾತ್ರ ಜಾರಿಗೆ ಬಂದಿತು. ಆಂಡ್ರಾಯ್ಡ್ 11ರಲ್ಲಿ ನೆನಪಿನ ವಿಳಾಸಗಳ ಮೇಲ್ತುದಿಯ ಬೈಟಿನಲ್ಲಿ ಒಂದು ಗುರುತನ್ನಿಡುವ ಪದ್ಧತಿ ಬಂದು, ಆ ಬೈಟು ಖಾಲಿಯೆಂದು ನಂಬಿ ಅಲ್ಲಿ ತಮ್ಮ ಮಾಹಿತಿಯನ್ನು ತುರುಕುತ್ತಿದ್ದ ಪ್ರೋಗ್ರಾಮುಗಳು ಕುಸಿಯತೊಡಗಿದವು. ಅದೂ ಹೊಸ ಟಾರ್ಗೆಟ್ಟಿನವಕ್ಕೆ ಮಾತ್ರ. ಈ ಕ್ರಮವನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. ಸುಧಾರಣೆಯೂ ನಿಲ್ಲದೆ, ಬಳಸುತ್ತಿದ್ದವರ ಆಧಾರವೂ ತಪ್ಪದೆ ಇರುವ ದಾರಿ ಬೇರೆ ಇದ್ದಂತಿಲ್ಲ.

ಆದರೆ ಎಲ್ಲ ಬದಲಾವಣೆಗಳೂ ಈ ಮರ್ಯಾದೆಯನ್ನು ಪಾಲಿಸಿಲ್ಲ. ಆಂಡ್ರಾಯ್ಡ್ 8ರಲ್ಲಿ ಕರ್ನೆಲ್ಲಿನ ಬಾಗಿಲಿಗೆ ಸೆಕಾಂಪ್ ಎಂಬ ಶೋಧಕವನ್ನು ಇಟ್ಟು, 64 ಬಿಟ್ಟಿನ ಆರ್ಮ್ ಯಂತ್ರಗಳಲ್ಲಿ ಕರ್ನೆಲ್ಲಿನ ಸೇವೆ ಕೋರುವ 271 ಸಿಸ್ಟಂ ಕರೆಗಳ ಪೈಕಿ 17ನ್ನೂ, 32 ಬಿಟ್ಟಿನವುಗಳಲ್ಲಿ 364ರ ಪೈಕಿ 70ನ್ನೂ ಎಲ್ಲ ಆ್ಯಪುಗಳಿಗೂ ಮುಚ್ಚಿದರು. ತನ್ನದಲ್ಲದ ಕಡತವನ್ನು ಮುಚ್ಚುವ ಪ್ರೋಗ್ರಾಮನ್ನು ಪತ್ತೆಹಚ್ಚುವ ಎಫ್‌ಡಿಸ್ಯಾನ್ ಎಂಬ ಪರೀಕ್ಷೆ ಆಂಡ್ರಾಯ್ಡ್ 10ರಲ್ಲಿ ಎಚ್ಚರಿಕೆ ಬರೆದು ಸುಮ್ಮನಿರುತ್ತಿತ್ತು, 11ರಲ್ಲಿ ಎಲ್ಲರಿಗೂ ಸಮನಾಗಿ ಪ್ರೋಗ್ರಾಮನ್ನೇ ನಿಲ್ಲಿಸತೊಡಗಿತು. ಇವುಗಳ ಉದ್ದೇಶ ರಕ್ಷಣೆ. ಒಂದು ಆ್ಯಪಿನ ಇಂತಹ ತಪ್ಪಿನಿಂದ ಒಂದು ಕಡತಕ್ಕೆ ಬರೆಯಬೇಕಾದದ್ದು ಇನ್ನೊಂದಕ್ಕೆ ಬರೆದುಹೋಗಿ ಬಳಕೆದಾರನ ದತ್ತಾಂಶವೇ ಹಾಳಾಗುವ ಸಂಭವವಿರುವಾಗ, ಮೌನವಾಗಿ ಕೆಡಿಸುವುದಕ್ಕಿಂತ ಬಹಿರಂಗವಾಗಿ ನಿಲ್ಲುವುದೇ ಮೇಲೆಂಬ ವಾದವನ್ನು ತಳ್ಳಿಹಾಕಲಾರೆ; ಒಂದು ವರ್ಷದ ಎಚ್ಚರಿಕೆಯ ಅವಧಿ ಸಾಕೇ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿದೆ.

ಈಗ ನಡೆಯುತ್ತಿರುವ ಬದಲಾವಣೆ ಇವೆಲ್ಲಕ್ಕಿಂತ ವ್ಯಾಪಕವಾದದ್ದು. ಕರ್ನೆಲ್ಲು ನೆನಪನ್ನು ಪುಟಗಳಾಗಿ ವಿಂಗಡಿಸಿ ಹಂಚುವುದುಂಟು; ಆಂಡ್ರಾಯ್ಡ್ ಹುಟ್ಟಿದಂದಿನಿಂದ ಪುಟವೆಂದರೆ 4096 ಬೈಟು. ಆಂಡ್ರಾಯ್ಡ್ 15ರಿಂದ 16384 ಬೈಟುಗಳ ಪುಟಕ್ಕೂ ಅವಕಾಶವಾಗಿದೆ. ದೊಡ್ಡ ಪುಟದಿಂದ ಯಂತ್ರದ ಲೆಕ್ಕದ ಹೊರೆ ಇಳಿದು ಆ್ಯಪುಗಳು ಬೇಗ ತೆರೆಯುತ್ತವೆ. ಪುಟದ ಗಾತ್ರವನ್ನು ವ್ಯವಸ್ಥೆಯಿಂದ ಕೇಳಿ ತಿಳಿಯಬೇಕೆಂದು ಪೊಸಿಕ್ಸ್ ಬಹುಕಾಲದಿಂದ ಹೇಳುತ್ತಿದ್ದರೂ, ಅನೇಕರು 4096 ಎಂಬ ಅಂಕಿಯನ್ನೇ ನೇರವಾಗಿ ಬರೆದಿಟ್ಟಿದ್ದಾರೆ; ಸಿದ್ಧವಾದ ಲೈಬ್ರರಿ ಕಡತಗಳ ಒಳಜೋಡಣೆಯೂ ಅದೇ ಅಳತೆಗೆ ಹೊಂದಿದೆ. 2025ರ ನವೆಂಬರ್ 1ರಿಂದ, ಆಂಡ್ರಾಯ್ಡ್ 15 ಅಥವಾ ಅದರ ಮೇಲಿನದನ್ನು ಗುರಿಯಾಗಿಟ್ಟುಕೊಂಡು ಪ್ಲೇ ಸ್ಟೋರಿಗೆ ಸಲ್ಲಿಸುವ ಹೊಸ ಆ್ಯಪುಗಳೂ ಅಪ್‌ಡೇಟ್‌ಗಳೂ 16 ಕೆಬಿ ಪುಟಕ್ಕೆ ಒಗ್ಗಿರತಕ್ಕದ್ದೆಂದು ಗೂಗಲ್ ವಿಧಿಸಿದೆ. ಕನ್ನಡದ ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಹಾರ್ಫ್‌ಬಜ್, ಅಚ್ಚಾದ ಕನ್ನಡ ಪುಟವನ್ನು ಓದಿ ಪಠ್ಯವಾಗಿಸುವ ಟೆಸರಾಕ್ಟ್ ಮೊದಲಾದವು ಸಿ++ನಲ್ಲಿ ಬರೆದವು; ಅವುಗಳ ಹಳೆಯ ಸಿದ್ಧಪ್ರತಿಯನ್ನು ತಮ್ಮ ಆ್ಯಪಿನೊಳಗೆ ಇಟ್ಟುಕೊಂಡವರು ಅವನ್ನು ಹೊಸದಾಗಿ ಕಂಪೈಲ್ ಮಾಡಲೇಬೇಕು. ಮೂಲ ಬರಹ ಕೈಯಲ್ಲಿರುವವರಿಗೆ ಇದು ಒಂದು ಮಧ್ಯಾಹ್ನದ ಕೆಲಸ, ಕಳೆದುಕೊಂಡವರಿಗೆ ದಾರಿಯಿಲ್ಲ.

ಇನ್ನೊಂದು ತಾರೀಖು ದೂರದಲ್ಲಿ ಕಾದಿದೆ. 1970ರ ಆರಂಭದಿಂದ ಸೆಕೆಂಡುಗಳನ್ನೆಣಿಸುವ ಕಾಲಗಣನೆಯ ಸಂಖ್ಯೆ 32 ಬಿಟ್ಟಿನ ಬಯಾನಿಕ್ಕಿನಲ್ಲಿ ಈಗಲೂ 32 ಬಿಟ್ಟಿನದೇ. ನಮ್ಮ ಗಡಿಯಾರದ ಪ್ರಕಾರ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬಿ, ಮರುಸೆಕೆಂಡಿಗೆ 1901ರ ಡಿಸೆಂಬರಿಗೆ ಹಿಂದಿರುಗುವುದು. ಅಳತೆ ಬದಲಿಸಿದರೆ ಹಳೆಯ ಪ್ರೋಗ್ರಾಮುಗಳೆಲ್ಲ ಕೆಡುವುದರಿಂದ ಅದನ್ನು ಬದಲಿಸುವುದಿಲ್ಲವೆಂದೇ ನಿರ್ವಾಹಕರು ನಿಶ್ಚಯಿಸಿದ್ದಾರೆ. 64 ಬಿಟ್ಟಿಗೆ ದಾಟುವುದೊಂದೇ ಪರಿಹಾರ. 2019ರ ಆಗಸ್ಟ್ 1ರಿಂದಲೇ ಪ್ಲೇ ಸ್ಟೋರಿನ ಆ್ಯಪುಗಳಿಗೆ 64 ಬಿಟ್ಟಿನ ಪ್ರತಿ ಕಡ್ಡಾಯವಾಗಿದೆ.

ಕನ್ನಡದ ಕೀಲಿಮಣೆ, ನಿಘಂಟು, ಓದುವ ಆ್ಯಪುಗಳನ್ನು ಪ್ರೀತಿಯಿಂದ ಬರೆದು ಹಂಚಿದ ತರುಣರಲ್ಲಿ ನನ್ನದೊಂದು ಬಿನ್ನಹವುಂಟು. ನಿಮ್ಮ ಆ್ಯಪಿನ ಮೂಲ ಬರಹವನ್ನು, ಅದರೊಳಗೆ ಸೇರಿಸಿದ ಲೈಬ್ರರಿಗಳ ಆವೃತ್ತಿಯ ವಿವರದೊಡನೆ, ನಿಮ್ಮ ಬಳಿಯಲ್ಲದೆ ಇನ್ನೊಬ್ಬರಿಗೂ ಸಿಗುವ ಕಡೆ ಇಟ್ಟಿರಿ. ಬೈಟುಗಳನ್ನು ಅಕ್ಷರಗಳೆಂದು ಎಣಿಸಬೇಡಿ. ಪುಟದ ಗಾತ್ರವನ್ನು ವ್ಯವಸ್ಥೆಯಿಂದ ಕೇಳಿ ತಿಳಿಯಿರಿ. ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುವ ಮುನ್ನ ನಿಮಗೆ ಸಿಕ್ಕ ಅತ್ಯಂತ ಹಳೆಯ ಫೋನಿನಲ್ಲಿ ಒಮ್ಮೆ ನಡೆಸಿ ನೋಡಿರಿ.